‘ಆ ಕಾಲೇಜು ಮಾತ್ರ ಬೇಡ’

ಕಾಲೇಜುಗಳ ಚರಿತ್ರೆಯನ್ನು ಬರೆಯುವವರು ಅವು ಯಾವ ವರ್ಷ ಆರಂಭವಾದವು, ಕಟ್ಟಡಕ್ಕೆ ಅಸ್ತಿಭಾರ ಹಾಕಿದವರು ಯಾರು, ಮೊದಲ ಪ್ರಾಂಶುಪಾಲರು ಯಾರು ಎಂಬುದನ್ನು ಬರೆಯುತ್ತಾರೆ. ತಂದೆತಾಯಿಗಳು ಯಾವ ಯಾವ ಕಾಲೇಜನ್ನು ಏತಕ್ಕಾಗಿ ಬೇಡವೆಂದರು ಎಂಬುದನ್ನು ಯಾರೂ ಬರೆದಂತಿಲ್ಲ. ಆದರೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಪಾಠ ಹೇಳಿದ ಯಾವ ಮೇಷ್ಟರನ್ನು ಕೇಳಿದರೂ ಪರೀಕ್ಷೆಯ ಫಲಿತಾಂಶ ಬಂದ ಮರುವಾರ ಮನೆಬಾಗಿಲಿಗೆ ಬರುವ ಪೋಷಕರ ಮಾತನ್ನು ಅವರು ಒಪ್ಪಿಸಬಲ್ಲರು. “ಎಲ್ಲಿ ಬೇಕಾದ್ರೂ ಸೇರಿಸ್ತೀನಿ ಮೇಷ್ಟ್ರೇ, ಆ ಕಾಲೇಜು ಮಾತ್ರ ಬೇಡ” ಎಂಬುದೇ ಆ ಮಾತು. ಅದರ ಹಿಂದೆ ಒಂದು ಪಟ್ಟಿ ಇರುತ್ತದೆ. ಅದನ್ನು ಯಾರೂ ಬರೆದಿಟ್ಟಿಲ್ಲ, ಆದರೂ ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ ಎಲ್ಲರಿಗೂ ಗೊತ್ತಿರುತ್ತದೆ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ತಾವೇ ಪೋಷಕರಾಗಿ ಇಂಥ ಪಟ್ಟಿಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾರೆ. ಆದ್ದರಿಂದ ಈ ಪಟ್ಟಿ ಕಾಲಕಾಲಕ್ಕೆ ಹೇಗೆ ಬದಲಾಯಿತು, ಅದಕ್ಕೆ ಬೆಲೆ ತೆತ್ತವರು ಯಾರು ಎಂಬುದನ್ನು ನನಗೆ ತಿಳಿದಷ್ಟರ ಮಟ್ಟಿಗೆ ಇಲ್ಲಿ ಬರೆಯುತ್ತೇನೆ.

ಕನ್ನಡನಾಡಿನಲ್ಲಿ ಇಂಥ ನಿರಾಕರಣೆಯ ಹಳೆಯ ನಿದರ್ಶನವೊಂದು ಮಂಗಳೂರಿನದು. ಅಲ್ಲಿ ಬಾಸೆಲ್ ಮಿಷನ್ನಿನವರು ನಡೆಸುತ್ತಿದ್ದ ಇಂಗ್ಲಿಷ್ ಶಾಲೆಗೆ ಊರಿನ ಪ್ರತಿಷ್ಠಿತ ಮನೆತನಗಳ ಹುಡುಗರು ಹೋಗುತ್ತಿದ್ದರು. ಇಂಗ್ಲಿಷ್ ಬಲ್ಲವನಿಗೆ ಸರಕಾರಿ ಕಚೇರಿಯ ಬಾಗಿಲು ತೆರೆಯುತ್ತಿತ್ತು. 1844ರ ಜನವರಿಯಲ್ಲಿ ಆ ಶಾಲೆಯ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ತರುಣ ಕ್ರೈಸ್ತ ಧರ್ಮವನ್ನು ಸ್ವೀಕರಿಸಿದಾಗ ಊರೆಲ್ಲ ಅಲ್ಲೋಲಕಲ್ಲೋಲವಾಯಿತು. ತಂದೆತಾಯಿಗಳು ಮಕ್ಕಳನ್ನು ಆ ಶಾಲೆಯಿಂದ ಬಿಡಿಸಿಕೊಂಡರು. ಹಿಂದಿನ ವರ್ಷವಷ್ಟೇ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದ್ದ ಹರ್ಮನ್ ಮೋಗ್ಲಿಂಗರೇ ಆ ಮಿಷನ್ನಿನ ಮುಖ್ಯರಲ್ಲಿ ಒಬ್ಬರು ಎಂಬುದನ್ನು ನೆನೆದರೆ, ಕನ್ನಡಿಗರು ಗೌರವಿಸುವ ಹೆಸರೂ ಆ ದಿನದ ಪೋಷಕರ ಪಾಲಿಗೆ ಭಯದ ಹೆಸರಾಗಿತ್ತೆಂಬುದು ತಿಳಿಯುತ್ತದೆ. ವಿದ್ಯೆ ಬೇಕು, ಆದರೆ ವಿದ್ಯೆ ಕೊಡುವವರು ಮಗನನ್ನು ನಮ್ಮಿಂದ ಕಿತ್ತುಕೊಳ್ಳಬಾರದು ಎಂಬುದು ಅವರ ಮನಸ್ಸಿನ ಇಕ್ಕಟ್ಟು. 1868ರಲ್ಲಿ ಮಂಗಳೂರಿನಲ್ಲಿ ಸರಕಾರಿ ಪ್ರಾವಿನ್ಷಿಯಲ್ ಶಾಲೆ ಆರಂಭವಾಯಿತು. ಅದೇ ಮುಂದೆ ಅಲ್ಲಿನ ಸರಕಾರಿ ಕಾಲೇಜಾಗಿ ಬೆಳೆಯಿತು.

ನಮ್ಮ ಬಯಲುಸೀಮೆಯ ಸ್ಥಿತಿ ಬೇರೆಯಾಗಿತ್ತು. ಇಲ್ಲಿ ಬೇಡವೆನ್ನುವುದಕ್ಕೂ ಕಾಲೇಜು ಇರಲಿಲ್ಲ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಅದರ ಆಸರೆಯಾಗಿದ್ದವು ಬೆಂಗಳೂರಿನ ಸೆಂಟ್ರಲ್ ಕಾಲೇಜು ಮತ್ತು ಮೈಸೂರಿನ ಮಹಾರಾಜಾ ಕಾಲೇಜು. ದುರ್ಗದ ಸೀಮೆಯ ಹುಡುಗನೊಬ್ಬ ಪದವಿ ಓದಬೇಕೆಂದರೆ ಈ ಎರಡು ಊರುಗಳಲ್ಲಿ ಒಂದಕ್ಕೆ ಹೋಗಬೇಕು. ಹೊಸದುರ್ಗದವರಿಗೆ ಹೊಸದುರ್ಗ ರೋಡ್ ನಿಲ್ದಾಣ, ಹೊಳಲ್ಕೆರೆಯವರಿಗೆ ಚಿಕ್ಕಜಾಜೂರು ರೈಲಿನ ದಾರಿಯನ್ನು ಒದಗಿಸುತ್ತಿದ್ದವು. ಹಿರಿಯೂರಿಗೆ ರೈಲೇ ಇರಲಿಲ್ಲ, ಅವರಿಗೆ ರಸ್ತೆಯೇ ಗತಿ. 1907ರಲ್ಲಿ ಮಾರಿಕಣಿವೆಯ ಅಣೆಕಟ್ಟು ಮುಗಿದು ನೀರು ಬಂದಷ್ಟು ಬೇಗ ಆ ತಾಲ್ಲೂಕಿಗೆ ವಿದ್ಯೆ ಬರಲಿಲ್ಲ.

ಆ ಕಾಲದ ಪೋಷಕರು ಚಿಂತಿಸುತ್ತಿದ್ದುದು ಕಾಲೇಜಿನ ಪಾಠವನ್ನು ಕುರಿತಲ್ಲ. ಮಗ ಎಲ್ಲಿ ಉಳಿಯುತ್ತಾನೆ, ಯಾರ ಮನೆಯಲ್ಲಿ ಉಣ್ಣುತ್ತಾನೆ, ಯಾರ ಪಂಕ್ತಿಯಲ್ಲಿ ಕುಳಿತುಕೊಳ್ಳುತ್ತಾನೆ ಎಂಬುದೇ ಅವರ ಚಿಂತೆ. ಬ್ರಾಹ್ಮಣರ ಬಡ ಹುಡುಗರಿಗೆ ವಾರಾನ್ನದ ವ್ಯವಸ್ಥೆ ಇತ್ತು. ಉಳಿದವರಿಗೆ ಅದೂ ಇರಲಿಲ್ಲ. ಆದ್ದರಿಂದಲೇ ನಮ್ಮ ರಾಜ್ಯದಲ್ಲಿ ಕಾಲೇಜು ವಿದ್ಯಾಭ್ಯಾಸದ ಚರಿತ್ರೆಯನ್ನು ವಿದ್ಯಾರ್ಥಿನಿಲಯಗಳ ಚರಿತ್ರೆಯಿಂದ ಬೇರ್ಪಡಿಸಲಾಗದು. ಗುಬ್ಬಿ ತೋಟದಪ್ಪನವರು ಬೆಂಗಳೂರಿನ ರೈಲು ನಿಲ್ದಾಣದ ಸಮೀಪದಲ್ಲಿ ಛತ್ರವನ್ನೂ ಉಚಿತ ವಿದ್ಯಾರ್ಥಿನಿಲಯವನ್ನೂ ಸ್ಥಾಪಿಸಿದರು. 1905ರಲ್ಲಿ ಮೈಸೂರು ಲಿಂಗಾಯತ ವಿದ್ಯಾನಿಧಿ ಸಂಸ್ಥೆ, 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿಕೊಂಡವು. ಇವುಗಳಲ್ಲಿ ಜಾತಿಯ ಗೋಡೆ ಇತ್ತೆಂಬುದು ನಿಜ. ಆದರೆ ಹಳ್ಳಿಯ ತಂದೆಯೊಬ್ಬ “ಬೆಂಗಳೂರಿಗೆ ಕಳಿಸಲಾರೆ” ಎಂದದ್ದನ್ನು “ಕಳಿಸಬಹುದು” ಎಂದು ತಿದ್ದಿದ್ದೂ ಅವೇ. ಬೇಡವೆಂಬ ಮಾತಿಗೆ ಉಪದೇಶ ಮದ್ದಾಗಲಿಲ್ಲ, ಊಟ ಮತ್ತು ವಸತಿ ಮದ್ದಾದವು.

ಇದೇ ಅವಧಿಯಲ್ಲಿ ಇನ್ನೊಂದು ಬಗೆಯ ‘ಬೇಡ’ ಕೇಳಿಬಂತು. ಅದು ಮನೆಯಿಂದ ಬಂದದ್ದಲ್ಲ, ರಾಷ್ಟ್ರದ ನಾಯಕರಿಂದ ಬಂದದ್ದು. 1920ರ ಡಿಸೆಂಬರಿನಲ್ಲಿ ನಾಗಪುರದ ಕಾಂಗ್ರೆಸ್ ಅಧಿವೇಶನವು ಅಸಹಕಾರದ ನಿರ್ಣಯವನ್ನು ಅಂಗೀಕರಿಸಿತು. ಅದರಲ್ಲಿ ಒಂದು ಸೂಕ್ಷ್ಮವಿದೆ. 16 ವರ್ಷಕ್ಕೆ ಕೆಳಗಿನ ಮಕ್ಕಳನ್ನು ಸರಕಾರಿ ಶಾಲೆಗಳಿಂದ ಬಿಡಿಸುವ ಕರೆಯನ್ನು ಮಕ್ಕಳಿಗೆ ಕೊಡದೆ ತಂದೆ ಮತ್ತು ಪೋಷಕರಿಗೆ ಕೊಟ್ಟರು. 16 ತುಂಬಿದವರಿಗೆ ಮಾತ್ರ ನೇರವಾಗಿ, ನಿಮ್ಮ ಮನಸ್ಸಾಕ್ಷಿಯಂತೆ ನೀವೇ ಹೊರಬನ್ನಿ ಎಂದು ಕರೆ ಕೊಟ್ಟರು. ಯಾವ ಕಾಲೇಜು ಬೇಡ ಎಂಬುದನ್ನು ತೀರ್ಮಾನಿಸುವ ಹಕ್ಕು ಯಾವ ವಯಸ್ಸಿನಲ್ಲಿ ತಂದೆಯಿಂದ ಮಗನಿಗೆ ದಾಟಬೇಕು ಎಂಬ ಪ್ರಶ್ನೆಯನ್ನು ಹೀಗೆ ಒಂದು ರಾಜಕೀಯ ನಿರ್ಣಯವೇ ಎತ್ತಿತು. ಬಿಟ್ಟುಬಂದವರಿಗೆಂದು ಗುಜರಾತ್ ವಿದ್ಯಾಪೀಠ, ಜಾಮಿಯಾ ಮಿಲಿಯಾ ಮುಂತಾದ ರಾಷ್ಟ್ರೀಯ ಸಂಸ್ಥೆಗಳು 1920ರಲ್ಲಿಯೇ ತೆರೆದುಕೊಂಡವು. ಬೇಡವೆಂದವರು ಬೇಕಾದದ್ದನ್ನೂ ಕಟ್ಟಿಕೊಟ್ಟರು ಎಂಬುದನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ನಾನು ಹೇಳುವ ಮಾತಿಗೆ ಅದು ಮುಖ್ಯ.

ನಮ್ಮದು ದೇಶೀ ಸಂಸ್ಥಾನವಾದ್ದರಿಂದ ಆ ಕರೆಯ ಬಿಸಿ ಬ್ರಿಟಿಷ್ ಆಡಳಿತದ ಜಿಲ್ಲೆಗಳಲ್ಲಿ ತಟ್ಟಿದಷ್ಟು ಇಲ್ಲಿ ತಟ್ಟಲಿಲ್ಲ. ಚಿತ್ರದುರ್ಗವನ್ನೇ ತಮ್ಮ ಊರಾಗಿಸಿಕೊಂಡು ವಕೀಲಿ ನಡೆಸಿದ ಎಸ್. ನಿಜಲಿಂಗಪ್ಪನವರು ಸೆಂಟ್ರಲ್ ಕಾಲೇಜಿನಿಂದ 1924ರಲ್ಲಿ ಬಿ.ಎ. ಮುಗಿಸಿ, ಪುಣೆಯಲ್ಲಿ ಕಾನೂನು ಓದಿ 1926ರಲ್ಲಿ ಪದವಿ ಪಡೆದರು. ಅವರು ಚಳವಳಿಗೆ ಧುಮುಕಿ ತುರುವನೂರಿನ ಅರಣ್ಯ ಸತ್ಯಾಗ್ರಹದಲ್ಲಿ ಸೆರೆಮನೆ ಕಂಡದ್ದು ಅನಂತರದ ಮಾತು, 1939ರದು.

ಸ್ವಾತಂತ್ರ್ಯ ಬಂದ ಮೇಲೆ ಕಾಲೇಜುಗಳು ಹತ್ತಿರವಾದವು. ಆಗ ಚಿತ್ರದುರ್ಗ ಜಿಲ್ಲೆಯಲ್ಲಿಯೇ ಇದ್ದ ದಾವಣಗೆರೆಯಲ್ಲಿ 1951ರಲ್ಲಿ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು, 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಆರಂಭವಾದವು. ದುರ್ಗದಲ್ಲಿ ಸರಕಾರಿ ವಿಜ್ಞಾನ ಮತ್ತು ಕಲಾ ಕಾಲೇಜುಗಳು ಬೆಳೆದವು. ಸಿರಿಗೆರೆಯ ತರಳಬಾಳು ಮಠ, ಚಿತ್ರದುರ್ಗದ ಮುರುಘಾಮಠಗಳ ವಿದ್ಯಾಸಂಸ್ಥೆಗಳು ಹಳ್ಳಿಗಳ ಮಕ್ಕಳನ್ನು ಕೈಹಿಡಿದು ನಡೆಸಿದವು. ಆಯ್ಕೆಗೆ ಅವಕಾಶ ಬಂದಂತೆ ‘ಬೇಡ’ದ ಪಟ್ಟಿಯೂ ಉದ್ದವಾಯಿತು. ಒಂದು ಕಾಲೇಜಿನಲ್ಲಿ ಮುಷ್ಕರ ಹೆಚ್ಚು, ಇನ್ನೊಂದರಲ್ಲಿ ಹುಡುಗರು ಸಿನಿಮಾ ಮಂದಿರದಲ್ಲೇ ಇರುತ್ತಾರೆ, ಮತ್ತೊಂದು ಬೇರೆ ಮಠದವರದು, ಅಲ್ಲಿ ನಮ್ಮವರಿಗೆ ಸೀಟು ಸಿಕ್ಕರೂ ನೆಲೆ ಸಿಗದು, ಹೀಗೆ.

ಈ ಕಾಲದ ಪಟ್ಟಿಯನ್ನು ನಾನು ಶಿಕ್ಷಕನಾಗಿ ಹತ್ತಿರದಿಂದ ಕೇಳಿದ್ದೇನೆ. ಅದರಲ್ಲಿ ಎರಡು ಭಾಗಗಳಿದ್ದವು. ಗಂಡುಮಕ್ಕಳ ಪಟ್ಟಿ ಒಂದು, ಹೆಣ್ಣುಮಕ್ಕಳ ಪಟ್ಟಿ ಮತ್ತೊಂದು. ಗಂಡುಮಗನ ವಿಷಯದಲ್ಲಿ “ಆ ಕಾಲೇಜು ಬೇಡ” ಎಂದರೆ “ಈ ಕಾಲೇಜು ಆಗಬಹುದು” ಎಂದು ಅರ್ಥ. ದುರ್ಗ ಬೇಡವೆಂದರೆ ದಾವಣಗೆರೆ, ದಾವಣಗೆರೆ ಬೇಡವೆಂದರೆ ಶಿವಮೊಗ್ಗ, ಅದೂ ಬೇಡವೆಂದರೆ ಬೆಂಗಳೂರು. ಹೆಣ್ಣುಮಗಳ ವಿಷಯದಲ್ಲಿ ವಾಕ್ಯ ಅದೇ, ಅರ್ಥ ಬೇರೆ. ಹುಡುಗರೊಂದಿಗೆ ಕೂಡಿ ಓದುವ ಕಾಲೇಜು ಬೇಡ. ಕೇವಲ ಹೆಣ್ಣುಮಕ್ಕಳ ಕಾಲೇಜು ದಾವಣಗೆರೆಯಲ್ಲಿ ಇದೆ, ಆದರೆ ದೂರವಾಯಿತು, ಬೇಡ. ಹಾಸ್ಟೆಲಿನಲ್ಲಿ ಬಿಡುವುದು ಬೇಡ. ದಿನವೂ ಬಸ್ಸಿನಲ್ಲಿ ಹೋಗಿಬರುವುದಾದರೆ ಸಂಜೆಯ ಬಸ್ಸು ತಪ್ಪಿದರೆ ಏನು ಗತಿ, ಅದೂ ಬೇಡ. ಒಂದೊಂದನ್ನೂ ಬಿಡಿಯಾಗಿ ಕೇಳಿದರೆ ಅದರಲ್ಲಿ ತಂದೆಯ ಕಾಳಜಿಯೇ ಕಾಣುತ್ತದೆ. ನಾಲ್ಕನ್ನೂ ಕೂಡಿಸಿದರೆ ಮಗಳಿಗೆ ಉಳಿಯುವುದು ಅಡುಗೆಮನೆ ಮಾತ್ರ. ತರಗತಿಗೆ ಮೊದಲಿಗಳಾಗಿದ್ದ ಹುಡುಗಿಯ ತಂದೆಯೊಬ್ಬರು ಇದನ್ನೇ ಬಿಚ್ಚಿ ಹೇಳಿದ್ದು ನನಗೆ ನೆನಪಿದೆ. “ಅವ್ಳು ಪದವಿ ಓದಿದ್ರೆ ಅವ್ಳಿಗಿಂತ ಜಾಸ್ತಿ ಓದಿದ ಗಂಡು ಹುಡುಕ್ಬೇಕು ಮೇಷ್ಟ್ರೇ, ಎಲ್ಲಿಂದ ತರ್ಲಿ?” ಆ ಮಾತಿನಲ್ಲಿ ಕಾಲೇಜಿನ ಪ್ರಸ್ತಾಪವೇ ಇರಲಿಲ್ಲ.

2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಪುರುಷರ ಸಾಕ್ಷರತೆ ಶೇಕಡ 81ರಷ್ಟು, ಮಹಿಳೆಯರದು ಶೇಕಡ 66ರಷ್ಟು. ಈ 15ರ ಅಂತರಕ್ಕೆ ಬಡತನ, ಬರಗಾಲ, ಬಾಲ್ಯವಿವಾಹ ಎಂದು ಹಲವು ಕಾರಣಗಳಿವೆ. ಆದರೆ ಓದಿದ ಹೆಣ್ಣುಮಗಳೊಬ್ಬಳು ಊರಿನಲ್ಲಿ ಕಣ್ಣೆದುರಿಗೆ ಓಡಾಡದಿದ್ದರೆ ಹಿಂದಿನಿಂದ ಬರುವ ಚಿಕ್ಕ ಹುಡುಗಿಯನ್ನು ಶಾಲೆಗೆ ಕಳಿಸಲು ಯಾರಿಗೂ ಹುರುಪು ಇರುವುದಿಲ್ಲ ಎಂಬುದನ್ನು ನಾನು ಪ್ರತಿ ಹಳ್ಳಿಯಲ್ಲೂ ಕಂಡಿದ್ದೇನೆ.

1980ರ ದಶಕಕ್ಕೆ ಬಂದಾಗ ಪಟ್ಟಿಗೆ ಹೊಸದೊಂದು ಕಾರಣ ಸೇರಿತು. ಅದು ‘ಡೊನೇಷನ್’. 1979ರಲ್ಲಿ ದಾವಣಗೆರೆಯಲ್ಲಿ ಬಾಪೂಜಿ ಎಂಜಿನಿಯರಿಂಗ್ ಕಾಲೇಜು, 1980ರಲ್ಲಿ ಚಿತ್ರದುರ್ಗದಲ್ಲಿ ಎಸ್.ಜೆ.ಎಂ. ತಾಂತ್ರಿಕ ವಿದ್ಯಾಲಯ ಆರಂಭವಾದ ಕಾಲವದು. ರಾಜ್ಯದಾದ್ಯಂತ ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳು ಏಳುತ್ತಿದ್ದವು. ಸೀಟಿಗೆ ದುಡ್ಡು ಎಂಬ ಮಾತು ಎಲ್ಲೆಡೆ ಹಬ್ಬಿದಾಗ ರಾಜ್ಯ ಸರಕಾರ 1984ರಲ್ಲಿ ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಕಾಯಿದೆ ತಂದಿತು. ಆದರೆ 1989ರ ಸರಕಾರಿ ಅಧಿಸೂಚನೆಯೇ ಖಾಸಗಿ ವೈದ್ಯಕೀಯ ಕಾಲೇಜುಗಳ ವಾರ್ಷಿಕ ಬೋಧನಾ ಶುಲ್ಕವನ್ನು ಮೂರು ದರಗಳಲ್ಲಿ ನಿಗದಿ ಮಾಡಿತ್ತು. ಸರಕಾರಿ ಸೀಟಿಗೆ 2,000 ರೂಪಾಯಿ, ಉಳಿದ ಸೀಟುಗಳಲ್ಲಿ ಕರ್ನಾಟಕದವರಿಗೆ 25,000, ಹೊರ ರಾಜ್ಯದವರಿಗೆ 60,000.

ಈ 60,000ವನ್ನು ಪ್ರಶ್ನಿಸಿ ಉತ್ತರ ಪ್ರದೇಶದ ಮೀರತ್‌ನ ವಿದ್ಯಾರ್ಥಿನಿಯೊಬ್ಬಳು ಸುಪ್ರೀಂ ಕೋರ್ಟಿಗೆ ಹೋದಳು. ಅವಳಿಗೆ ಪ್ರವೇಶ ಸಿಗಬೇಕಿದ್ದುದು ದುರ್ಗದಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲೇ ಇರುವ ತುಮಕೂರಿನ ಒಂದು ವೈದ್ಯಕೀಯ ಕಾಲೇಜಿನಲ್ಲಿ. ಅಷ್ಟು ಹಣ ಕಟ್ಟುವುದು ತನ್ನಿಂದಾಗದು ಎಂದು ಅವಳ ತಂದೆ ಹೇಳಿದ್ದರು. ಅದಲ್ಲದೆ ನಾಲ್ಕೂವರೆ ಲಕ್ಷ ರೂಪಾಯಿ ಕೇಳಿದರೆಂದು ಅರ್ಜಿಯಲ್ಲಿ ಆರೋಪವಿತ್ತು, ಆಡಳಿತ ಮಂಡಲಿ ಅದನ್ನು ಅಲ್ಲಗಳೆಯಿತು. 1992ರ ಜುಲೈ 30ರಂದು ಬಂದ ತೀರ್ಪು ‘ಮೋಹಿನಿ ಜೈನ್ ಪ್ರಕರಣ’ವೆಂದು ದೇಶಕ್ಕೆಲ್ಲ ಪರಿಚಿತವಾಯಿತು. ಕ್ಯಾಪಿಟೇಶನ್ ಶುಲ್ಕ ಸಂವಿಧಾನಕ್ಕೆ ವಿರುದ್ಧ ಎಂದು ನ್ಯಾಯಾಲಯ ಹೇಳಿತು. ಮುಂದಿನ ವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳ ಅರ್ಧದಷ್ಟು ಸೀಟುಗಳನ್ನು ಕಡಿಮೆ ಶುಲ್ಕದ ಸೀಟುಗಳಾಗಿ ಪ್ರತಿಭೆಯ ಮೇಲೆ ಹಂಚಬೇಕೆಂಬ ಯೋಜನೆ ಬಂತು. 1994ರಿಂದ ಕರ್ನಾಟಕದಲ್ಲಿ ಸಿ.ಇ.ಟಿ. ಆರಂಭವಾಯಿತು. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹನ್ನೊಂದು ನ್ಯಾಯಾಧೀಶರ ಪೀಠ ಆ ಅರ್ಧಾರ್ಧದ ಯೋಜನೆಯನ್ನು ರದ್ದು ಮಾಡಿತು. ಆದರೆ ಕ್ಯಾಪಿಟೇಶನ್ ಕೂಡದೆಂಬ ಮಾತನ್ನು ಎತ್ತಿಹಿಡಿಯಿತು. ಮೋಟಾರು ಪಂಪಿನ ಸಾಲ ತೀರಿಸಲಾಗದ ರೈತನ ಮಗ ಸಿ.ಇ.ಟಿ. ಬರೆದು ಎಂಜಿನಿಯರ್ ಆದದ್ದು ನಮ್ಮ ತಾಲ್ಲೂಕುಗಳಲ್ಲಿ 1994ಕ್ಕೆ ಮುಂಚೆ ಊಹೆಗೂ ನಿಲುಕದ ಸಂಗತಿಯಾಗಿತ್ತು.

ರ‍್ಯಾಗಿಂಗ್ ವಿಷಯವೂ ಹಾಗೆಯೇ. ಹಾಸ್ಟೆಲಿನ ಭಯವನ್ನು ಹಳ್ಳಿಯವರ ಅಳುಕು ಎಂದು ಪಟ್ಟಣದವರು ನಗುತ್ತಿದ್ದ ದಿನಗಳಿದ್ದವು. 1996ರಲ್ಲಿ ತಮಿಳುನಾಡಿನ ಅಣ್ಣಾಮಲೈ ವಿಶ್ವವಿದ್ಯಾಲಯದ ಮೊದಲ ವರ್ಷದ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಹಿರಿಯ ವಿದ್ಯಾರ್ಥಿಯ ಕೈಯಲ್ಲಿ ಕೊಲೆಯಾದಾಗ ಆ ನಗು ನಿಂತಿತು. ಅಲ್ಲಿ 1997ರಲ್ಲಿ ಪ್ರತ್ಯೇಕ ಕಾಯಿದೆಯಾಯಿತು. ನಮ್ಮಲ್ಲಿ 1995ರಲ್ಲಿ ಜಾರಿಗೆ ಬಂದ ಕರ್ನಾಟಕ ಶಿಕ್ಷಣ ಕಾಯಿದೆಯಲ್ಲಿಯೇ ರ‍್ಯಾಗಿಂಗ್ ನಿಷೇಧವಿತ್ತು. 2001ರಲ್ಲಿ ಸುಪ್ರೀಂ ಕೋರ್ಟು ನಿರ್ದೇಶನಗಳನ್ನು ಕೊಟ್ಟಿತು. 2009ರಲ್ಲಿ ಹಿಮಾಚಲ ಪ್ರದೇಶದಲ್ಲಿ ಮತ್ತೊಬ್ಬ ವೈದ್ಯಕೀಯ ವಿದ್ಯಾರ್ಥಿ ಸತ್ತ ಬಳಿಕ ವಿಶ್ವವಿದ್ಯಾಲಯ ಧನಸಹಾಯ ಆಯೋಗ ದೇಶಕ್ಕೆಲ್ಲ ಅನ್ವಯಿಸುವ ನಿಯಮಗಳನ್ನು ಹೊರಡಿಸಿತು.

ಡೊನೇಷನ್ ಮತ್ತು ರ‍್ಯಾಗಿಂಗ್ ಎರಡರಲ್ಲೂ ಪೋಷಕರ ಭಯ ನ್ಯಾಯವಾದದ್ದೇ ಆಗಿತ್ತು. ಅದು ಗುಸುಗುಸು ಮಾತಾಗಿಯೇ ಉಳಿಯದೆ ದೂರಾಗಿ, ಅರ್ಜಿಯಾಗಿ, ತೀರ್ಪಾಗಿ, ನಿಯಮವಾಗಿ ಹೊರಬಂದದ್ದರಿಂದ ದೂರು ಕೊಡದವರ ಮಕ್ಕಳಿಗೂ ಉಪಕಾರವಾಯಿತು. ಪಂಕ್ತಿ, ಮಠ, ಮದುವೆಗಳ ಭಯ ಮಾತ್ರ ಮನೆಯೊಳಗೇ ಉಳಿಯಿತು. ಅದರ ಭಾರವನ್ನು ಮನೆಯ ಮಗಳೊಬ್ಬಳೇ ಹೊತ್ತಳು.

1997ರ ಆಗಸ್ಟ್ 15ರಂದು ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದಾಗ ನಮ್ಮ ಜಿಲ್ಲೆ ತನ್ನ ಪ್ರಮುಖ ಕಾಲೇಜು ನಗರವನ್ನೇ ಕಳೆದುಕೊಂಡಿತು. ನಮ್ಮ ಪದವಿ ಕಾಲೇಜುಗಳು ಮೈಸೂರು ವಿಶ್ವವಿದ್ಯಾಲಯದಿಂದ 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯಕ್ಕೂ, ಅಲ್ಲಿಂದ 2009ರಲ್ಲಿ ಸ್ಥಾಪನೆಯಾದ ದಾವಣಗೆರೆ ವಿಶ್ವವಿದ್ಯಾಲಯಕ್ಕೂ ವರ್ಗವಾದವು. 2023ರಲ್ಲಿ ಚಿತ್ರದುರ್ಗದಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಆದರೆ ನನ್ನ ಲೆಕ್ಕದಲ್ಲಿ ಇವೆಲ್ಲಕ್ಕಿಂತ ದೊಡ್ಡ ಬದಲಾವಣೆ ತಂದವು ತಾಲ್ಲೂಕು ಕೇಂದ್ರಗಳ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳು. ಹಿರಿಯೂರಿನ ವಾಣಿ ಸಕ್ಕರೆ ಕಾಲೇಜು, ಹೊಸದುರ್ಗದ ಕಾಲೇಜು, ಹೊಳಲ್ಕೆರೆಯ ಕಾಲೇಜು, ಇವು ಬಂದ ಮೇಲೆ “ದೂರವಾಯಿತು” ಎಂಬ ಕಾರಣ ಬಿದ್ದುಹೋಯಿತು, “ಹಾಸ್ಟೆಲ್ ಬೇಡ” ಎಂಬುದು ಅನಾವಶ್ಯಕವಾಯಿತು, ಶುಲ್ಕದ ಮಾತು ಹಗುರವಾಯಿತು. ಮನೆತನದಲ್ಲಿ ಮೊದಲ ಬಾರಿಗೆ ಪದವಿ ಪಡೆದ ಅದೆಷ್ಟೋ ಹೆಣ್ಣುಮಕ್ಕಳು ಈ ಕಾಲೇಜುಗಳ ಮೆಟ್ಟಿಲು ಹತ್ತಿಯೇ ಬಂದವರು.

ಈಗಿನ ಪಟ್ಟಿಯನ್ನು ಕೇಳಿದರೆ ಮನಸ್ಸಿಗೆ ಕಸಿವಿಸಿಯಾಗುತ್ತದೆ. ‘ಬೇಡ’ದ ಪಟ್ಟಿಯಲ್ಲಿ ಮೊದಲು ಬರುವುದು ಇದೇ ಸರಕಾರಿ ಕಾಲೇಜುಗಳು. “ಗೌರ್ಮೆಂಟ್ ಕಾಲೇಜಾ? ಬ್ಯಾಡ ಬಿಡಿ ಸಾರ್” ಎನ್ನುವವರಲ್ಲಿ ಅಲ್ಲಿಯೇ ಓದಿ ನೌಕರಿ ಹಿಡಿದವರೂ ಇದ್ದಾರೆ. ಕಾಯಂ ಅಧ್ಯಾಪಕರು ಸಾಲದೆ ಅತಿಥಿ ಉಪನ್ಯಾಸಕರನ್ನು ನೆಚ್ಚಿಕೊಳ್ಳುವ ಕೊರತೆ ಅಲ್ಲಿ ಇದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅನುಕೂಲಸ್ಥರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದಾಗ ಅವರೊಂದಿಗೆ ಕೇಳುವ ಬಾಯಿಯೂ ಹೋಗುತ್ತದೆ. ಉಳಿದವರು ಅಧ್ಯಾಪಕರಿಲ್ಲವೆಂದು ಯಾರನ್ನು ಕೇಳಬೇಕೆಂದು ತಿಳಿಯದವರು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಖರ್ಚು ತಪ್ಪಿತು. ಆದರೆ ಖಾಸಗಿ ಬಸ್ಸುಗಳೇ ಹೆಚ್ಚಾಗಿ ಓಡಾಡುವ ನಮ್ಮ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಆ ಅನುಕೂಲಕ್ಕೂ ಸರಕಾರಿ ಬಸ್ಸನ್ನು ಕಾಯಬೇಕು. ಇವರ ಪಾಲಿಗೆ ಊರ ಕಾಲೇಜು ಕೆಟ್ಟರೆ ಮುಂದಿನ ಕಾಲೇಜು ಎಂಬುದಿಲ್ಲ.

ಹಾಗಾದರೆ ಪೋಷಕರು ಏನನ್ನೂ ಬೇಡವೆನ್ನಬಾರದೇ ಎಂದು ನೀವು ಕೇಳಬಹುದು. ಅನ್ನಬೇಕಾದದ್ದು ಇದೆ. ಮಾನ್ಯತೆಯಿಲ್ಲದ ಸಂಸ್ಥೆಯನ್ನು ನಿಸ್ಸಂಕೋಚವಾಗಿ ಬೇಡವೆನ್ನಿ. ಧನಸಹಾಯ ಆಯೋಗ ಪ್ರಕಟಿಸುವ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಗೋಕಾಕದ ಹೆಸರೂ ಬಹು ವರ್ಷ ಇತ್ತೆಂಬುದು ತಿಳಿದಿರಲಿ. ನರ್ಸಿಂಗ್, ಬಿ.ಎಡ್. ಮೊದಲಾದವುಗಳಲ್ಲಿ ಯಾವ ಪರಿಷತ್ತಿನ ಅನುಮತಿ, ಯಾವ ವಿಶ್ವವಿದ್ಯಾಲಯದ ಸಂಯೋಜನೆ ಎಂಬುದನ್ನು ಕಾಗದ ನೋಡಿಯೇ ನಂಬಿ. 1994ರಲ್ಲಿ ಸ್ಥಾಪನೆಯಾದ ನ್ಯಾಕ್ ಸಂಸ್ಥೆ ಕೊಟ್ಟ ಶ್ರೇಣಿಯನ್ನು ನೋಡಿ, ಅದೊಂದನ್ನೇ ನೆಚ್ಚಬೇಡಿ. ಆ ಕಾಲೇಜಿನಲ್ಲಿ ಈಗ ಓದುತ್ತಿರುವ ಒಬ್ಬ ಹುಡುಗ ಅಥವಾ ಹುಡುಗಿಯನ್ನು ಕಂಡು, ಪಾಠ ನಡೆಯುತ್ತದೆಯೇ, ಪ್ರಯೋಗಶಾಲೆ ತೆರೆದಿರುತ್ತದೆಯೇ, ಹೆಣ್ಣುಮಕ್ಕಳಿಗೆ ಶೌಚಾಲಯ ಇದೆಯೇ ಎಂದು ಕೇಳಿ. ಹತ್ತು ವರ್ಷದ ಹಿಂದೆ ಅಲ್ಲಿ ಓದಿದವರ ಭಾವಮೈದುನನ ಮಾತು ಸಾಕ್ಷ್ಯವಾಗದು.

ಇನ್ನೊಂದು ಮಾತು. ನಾಗಪುರದ ನಿರ್ಣಯ 16 ತುಂಬಿದವರನ್ನು ನೇರವಾಗಿ ಮಾತನಾಡಿಸಿತು. ಹತ್ತನೆಯ ತರಗತಿ ಮುಗಿಸಿದ ಮಕ್ಕಳಿಗೆ ಈಗಲೂ ಸುಮಾರು ಅದೇ ವಯಸ್ಸು. ಮಗುವಿನ ಎದುರಿಗೇ ಕುಳಿತು ಅದನ್ನು ಬಿಟ್ಟು ಉಳಿದವರೆಲ್ಲ ತೀರ್ಮಾನಿಸುವುದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ನೂರು ವರ್ಷಗಳ ಹಿಂದಿನ ನಾಯಕರು ತೋರಿಸಿದಷ್ಟು ಗೌರವವನ್ನಾದರೂ ನಾವು ಆ ವಯಸ್ಸಿಗೆ ತೋರಿಸಬೇಡವೇ?

ಈ ಚರಿತ್ರೆಯಿಂದ ನಾನು ಕಲಿತ ಪಾಠ ಬಹಳ ಸರಳವಾದದ್ದು. ಬೇಡವೆಂದವರು ಅದರ ಬದಲಿಗೆ ಏನು ಬೇಕೆಂಬುದನ್ನೂ ತೋರಿಸಿದ ಕಡೆಯಲ್ಲಿ ವಿದ್ಯೆ ಬೆಳೆಯಿತು. ವಿದ್ಯಾರ್ಥಿನಿಲಯ ಕಟ್ಟಿದವರು, ರಾಷ್ಟ್ರೀಯ ವಿದ್ಯಾಪೀಠ ತೆರೆದವರು, ನ್ಯಾಯಾಲಯದ ಮೆಟ್ಟಿಲು ಹತ್ತಿದವರು ಮಾಡಿದ್ದು ಅದನ್ನೇ. ಬರಿದೇ ಬೇಡವೆಂದ ಕಡೆಯಲ್ಲಿ ಮಗಳೊಬ್ಬಳು ಓದು ನಿಲ್ಲಿಸಿದಳು, ಇಲ್ಲವೇ ಊರ ಕಾಲೇಜೊಂದು ಸೊರಗಿತು. ಆದ್ದರಿಂದ ಬರುವ ಬೇಸಿಗೆಯಲ್ಲಿ ನಿಮ್ಮ ಮನೆಯಲ್ಲಿ “ಆ ಕಾಲೇಜು ಬೇಡ” ಎಂಬ ಮಾತು ಬಂದರೆ, ಅದೇ ಉಸಿರಿನಲ್ಲಿ ಯಾವುದು ಬೇಕೆಂಬುದನ್ನೂ ಹೇಳಿ. ಕೇಳುತ್ತಿರುವವಳು ಮಗಳಾಗಿದ್ದರೆ ತಪ್ಪದೇ ಹೇಳಿ.